ಕಣ್ಣಿಗೆ ಹೊಟ್ಟು ಬಿದ್ದು ಕೆಂಪಾಗಿದೆಯಾ? ಅಂಗಡಿ ಡ್ರಾಪ್ಸ್‌ಗೆ ಕೈ ಹಾಕುವ ಮುಂಚೆ ಇದನ್ನು ಓದಿ

ದಾವಣಗೆರೆ: ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಕಟಾವು ಶುರುವಾಯಿತೆಂದರೆ ಮೆಡಿಕಲ್ ಶಾಪ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. "ಅಣ್ಣಾ, ಕಣ್ಣಾಗೆ ಏನೋ ಬಿದ್ದೈತಿ, ಕೆಂಪಗಾಗೈತಿ. ಒಂದು ಡ್ರಾಪ್ಸ್ ಕೊಡು."

ಅಂಗಡಿಯವರು ಹಿಂದಿನ ಸಲ ಇನ್ಯಾರಿಗೋ ಕೊಟ್ಟಿದ್ದನ್ನೇ ತೆಗೆದು ಕೊಡುತ್ತಾರೆ. ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ನೋವೂ ತಗ್ಗುತ್ತದೆ. "ಒಳ್ಳೇ ಡ್ರಾಪ್ಸ್ ಕೊಟ್ಟ" ಅಂತ ನಾಲ್ಕು ಜನರ ಹತ್ತಿರ ಹೇಳಿಯೂ ಆಗುತ್ತದೆ. ಆಮೇಲೆ ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ಕಪ್ಪುಗುಡ್ಡೆ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ, ನೋಟ ಮಂಜು, ರಾತ್ರಿಯೆಲ್ಲ ನೋವು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಹೀಗಾಗಿ ಜಿಲ್ಲಾಸ್ಪತ್ರೆಗೆ ಬರುವವರ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಎರಡು ದಿನಕ್ಕೆ ಕೆಂಪು ಇಳಿಸಿದ ಆ ಡ್ರಾಪ್ಸ್‌ನಲ್ಲಿ ಬಹುತೇಕ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧವೇನಲ್ಲ, ಕೆಲವು ಪೆಟ್ಟುಗಳಲ್ಲಿ ಕಣ್ಣು ಉಳಿಸುವುದೇ ಅದು. ಆದರೆ ಹುಲ್ಲು, ಹೊಟ್ಟು, ಗರಿ ತಾಗಿ ಆದ ಗಾಯಕ್ಕೆ ಅದನ್ನೇ ಹಾಕಿದರೆ ಕಣ್ಣು ಹೋಗಬಹುದು. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ಒಂದೇ ಥರ ಕೆಂಪು, ಒಂದೇ ಥರ ನೀರು. ತೊಡಕಿರುವುದೇ ಇಲ್ಲಿ.

ಕೆಂಪು ಅಂದ್ರೆ ಏನು?

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ಲ, ಕಣ್ಣಿನಲ್ಲೂ ಆಗುವುದು ಅದೇ. ಪೆಟ್ಟು ಬಿದ್ದ ಜಾಗಕ್ಕೆ ದೇಹ ರಕ್ತವನ್ನೂ ಬಿಳಿ ರಕ್ತಕಣಗಳನ್ನೂ ಓಡಿಸುತ್ತದೆ. ಇದಕ್ಕೆ ಡಾಕ್ಟರ್‌ಗಳು ಹೇಳುವ ಹೆಸರು ಉರಿಯೂತ. ಕಾಲಿನಲ್ಲಾದರೆ ಸ್ವಲ್ಪ ಊದಿಕೊಂಡು ಮಾಗಿ ಹೋಗುತ್ತದೆ, ಕಲೆ ಉಳಿದರೂ ನಡೆಯೋಕೆ ತೊಂದರೆ ಇಲ್ಲ. ಕಣ್ಣಿನ ಲೆಕ್ಕ ಬೇರೆ. ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾ ಎಂಬ ಪದರದ ದಪ್ಪ ನಡುವಿನಲ್ಲಿ ಬರೀ ಅರ್ಧ ಮಿಲಿಮೀಟರ್ ಆಸುಪಾಸು. ಅದರಲ್ಲಿ ರಕ್ತನಾಳವೇ ಇಲ್ಲ, ಇದ್ದಿದ್ದರೆ ಬೆಳಕು ದಾಟುತ್ತಿರಲಿಲ್ಲ. ಅಲ್ಲಿ ಒಂದು ಸಾಸಿವೆಕಾಳಿನಷ್ಟು ಕಲೆ ನಡುಮಧ್ಯೆ ಉಳಿದರೂ ಬಸ್ಸಿನ ಬೋರ್ಡು ಓದುವುದು ಕಷ್ಟ.

ಅಂದರೆ ಕಣ್ಣಿನಲ್ಲಿ ಎರಡು ಕಡೆಯಿಂದ ಹಾನಿ. ಗಾಯ ಮಾಡಿದ್ದು ಅಥವಾ ಗಾಯದ ಮೂಲಕ ಒಳಹೊಕ್ಕ ಕ್ರಿಮಿ ಒಂದು ಕಡೆ, ಅದನ್ನು ಓಡಿಸಲು ದೇಹ ಎಬ್ಬಿಸಿದ ಉರಿಯೂತ ಇನ್ನೊಂದು ಕಡೆ. ಯಾವುದು ಮುಂದಿದೆ ಅಂತ ತೀರ್ಮಾನಿಸುವುದೇ ಡಾಕ್ಟರ್ ಕೆಲಸ. ಅದನ್ನು ಬರಿಗಣ್ಣಿನಿಂದ, ಅಂಗಡಿ ಕೌಂಟರ್ ಆಚೆಯಿಂದ ಮಾಡೋಕೆ ಬರುವುದಿಲ್ಲ.

ಹೊಟ್ಟಿನ ಜತೆ ಬರುವ ಬೂಷ್ಟು

ಭತ್ತದ ಗರಿ ಅಂಚಿನಲ್ಲಿ ಗರಗಸದ ಥರ ಒರಟಾಗಿರುತ್ತದೆ. ಮೆಕ್ಕೆಜೋಳ ಒಕ್ಕುವಾಗ ಏಳುವ ದೂಳು, ಕಬ್ಬಿನ ಸೋಗೆ, ಅಡಿಕೆ ತೋಟದ ಕಡ್ಡಿ, ಎತ್ತು ಬೀಸಿದ ಬಾಲ, ಇವೆಲ್ಲ ಕಾರ್ನಿಯಾದ ಮೇಲ್ಪದರವನ್ನು ಕೊಂಚ ತರಚಿ ಬಿಡುತ್ತವೆ. ತರಚಿದ್ದು ಮಾತ್ರ ಆಗಿದ್ದರೆ ಒಂದೆರಡು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಹೊಲದ ಕಸಕಡ್ಡಿ ಮೇಲೆ ಬೂಷ್ಟಿನ ಬೀಜಕಣಗಳು ಕೂತಿರುತ್ತವೆ. ದಕ್ಷಿಣ ಭಾರತದಲ್ಲಿ ಕಣ್ಣಿನ ಹುಣ್ಣಿಗೆ ಕಾರಣವಾಗುವ ಶಿಲೀಂಧ್ರಗಳಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಎರಡು ಮುಖ್ಯವಾದವು. ಎರಡೂ ಮಣ್ಣಿನಲ್ಲಿ, ಕೊಳೆತ ಹುಲ್ಲಿನಲ್ಲಿ, ಒದ್ದೆ ಕಾಳಿನಲ್ಲಿ ಇರುವಂಥವೇ.

ಬ್ಯಾಕ್ಟೀರಿಯಾದಿಂದ ಆದ ಹುಣ್ಣು ಒಂದೆರಡು ದಿನದಲ್ಲೇ ಜೋರಾಗಿ ಎದ್ದು ಮನುಷ್ಯನನ್ನು ಆಸ್ಪತ್ರೆಗೆ ಓಡಿಸುತ್ತದೆ. ಬೂಷ್ಟಿನದು ಹಾಗಲ್ಲ. ನಿಧಾನ. ಮೊದಲ ದಿನಗಳಲ್ಲಿ ಚುಚ್ಚಿದಂತೆ, ಮರಳು ಬಿದ್ದಂತೆ ಅನಿಸುತ್ತದೆ ಅಷ್ಟೇ. ಕಟಾವಿನ ಹೊತ್ತಿನಲ್ಲಿ ಅಷ್ಟಕ್ಕೆಲ್ಲ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು?

ಇಂಥ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಆಗುವುದಿಷ್ಟು. ಬೂಷ್ಟನ್ನು ತಡೆದು ನಿಲ್ಲಿಸಲು ಬಂದಿದ್ದ ಬಿಳಿ ರಕ್ತಕಣಗಳು ಹಿಂದೆ ಸರಿಯುತ್ತವೆ. ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಕಾವಲುಗಾರನನ್ನು ಮನೆಗೆ ಕಳಿಸಿ ಗಲಾಟೆ ನಿಂತಿತು ಅಂದುಕೊಂಡ ಹಾಗೆ. ಬೂಷ್ಟು ಮಾತ್ರ ಯಾರ ಅಡ್ಡಿಯೂ ಇಲ್ಲದೆ ಕಾರ್ನಿಯಾದ ಆಳಕ್ಕೆ ಇಳಿಯುತ್ತದೆ. ಬಿಳಿ ಮಚ್ಚೆ ಕಾಣುವ ಹೊತ್ತಿಗೆ ಅದು ಎಷ್ಟೋ ಸಲ ಔಷಧ ಸರಿಯಾಗಿ ತಲುಪದಷ್ಟು ಒಳಗೆ ಹೋಗಿರುತ್ತದೆ.

ಯಾಕೆಂದರೆ ಇದಕ್ಕಿರುವ ಮುಖ್ಯ ಔಷಧ ನಾಟಮೈಸಿನ್ ಎಂಬ ಡ್ರಾಪ್ಸ್, ಶೇ 5ರ ಬಿಳಿ ದ್ರಾವಣ. ಮೇಲ್ಪದರದ ಸೋಂಕಿಗೆ ಒಳ್ಳೆಯ ಕೆಲಸ ಮಾಡುತ್ತದೆ, ಆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಹೊಸ ಔಷಧ ವೊರಿಕೊನಜೋಲ್ ಇದಕ್ಕಿಂತ ಮೇಲು ಇರಬಹುದು ಅಂತ ಕೆಲವು ವರ್ಷ ನಂಬಿಕೆಯಿತ್ತು. ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಹಳೇ ನಾಟಮೈಸಿನ್ನೇ ಗೆದ್ದಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ. ಆ ರೋಗಿಗಳಲ್ಲಿ ಬಹಳಷ್ಟು ಜನ ನಮ್ಮಂಥದೇ ಊರುಗಳ ಹೊಲಗೆಲಸದವರು, ಹಾಗಾಗಿ ಇದು ಎಲ್ಲೋ ಅಮೆರಿಕದ ಲೆಕ್ಕವಲ್ಲ.

ಚಿಕಿತ್ಸೆ ಮಾತ್ರ ತಾಳ್ಮೆ ಬೇಡುವಂಥದ್ದು. ಮೊದಮೊದಲು ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಹನಿ, ಆಮೇಲೆ ನಿಧಾನಕ್ಕೆ ಕಡಿಮೆ, ಒಟ್ಟು ವಾರಗಟ್ಟಲೆ. ಜತೆಗೆ ಪಾಪೆ ಅಗಲಿಸುವ ಅಟ್ರೊಪಿನ್ ಅಥವಾ ಹೋಮಟ್ರೊಪಿನ್ ಹನಿ. ಅದರಿಂದ ಒಳಗಿನ ಸ್ನಾಯು ಸೆಳೆತ ಬಿಟ್ಟು ನೋವು ಇಳಿಯುತ್ತದೆ. ನಾಲ್ಕು ದಿನ ಹಾಕಿ "ಏನೂ ಫರಕ್ ಕಾಣ್ಲಿಲ್ಲ" ಅಂತ ಬಿಟ್ಟುಬಿಡುವವರೇ ಹೆಚ್ಚು. ಬೂಷ್ಟಿನ ಹುಣ್ಣು ನಾಲ್ಕು ದಿನಕ್ಕೆ ಫರಕ್ ತೋರಿಸುವುದಿಲ್ಲ. ದೊಡ್ಡದಾಗುವುದು ನಿಂತಿದ್ದರೆ ಅದೇ ಒಳ್ಳೇ ಲಕ್ಷಣ.

ಸ್ಟೀರಾಯ್ಡ್ ಬೇಕೇ ಬೇಕಾದ ಪೆಟ್ಟು

ಈಗ ಇನ್ನೊಂದು ಕಣ್ಣು. ಮೈದಾನದಲ್ಲಿ ಕ್ರಿಕೆಟ್ ಬಾಲ್ ಬಡಿದಿದೆ, ಅಥವಾ ಚಿನ್ನಿದಾಂಡು ಆಡುವಾಗ ಚಿನ್ನಿ ತಾಗಿದೆ, ಅಥವಾ ಬೈಕ್ ಹಿಂದೆ ಸಾಮಾನು ಕಟ್ಟುವ ರಬ್ಬರ್ ಹಗ್ಗದ ಕೊಕ್ಕೆ ಕಿತ್ತು ಬಂದು ಹೊಡೆದಿದೆ. ಹೊರಗೆ ಗಾಯವೇ ಇಲ್ಲ. ಆ ದಿನ ಏನೂ ಅನಿಸುವುದಿಲ್ಲ. ಮಾರನೇ ದಿನವೋ ಮೂರನೇ ದಿನವೋ ಬೆಳಕು ನೋಡೋಕೆ ಆಗುವುದಿಲ್ಲ, ಕಣ್ಣಿನ ಆಳದಲ್ಲಿ ಒಂಥರಾ ಭಾರವಾದ ನೋವು, ಕಪ್ಪುಗುಡ್ಡೆಯ ಸುತ್ತಲೇ ಬಳೆ ತೊಡಿಸಿದಂತೆ ಕೆಂಪು.

ಇದು ಕಾರ್ನಿಯಾದ ಹಿಂದಿರುವ ಬಣ್ಣದ ಪರದೆ, ಅಂದರೆ ಐರಿಸ್‌ಗೆ ಆದ ಉರಿಯೂತ. ಇಲ್ಲಿ ಕ್ರಿಮಿಯೇ ಇಲ್ಲ, ಪೆಟ್ಟಿಗೆ ರೇಗಿದ ದೇಹದ ಕೆಲಸ ಅಷ್ಟೇ. ಹಾಗೇ ಬಿಟ್ಟರೆ ಐರಿಸ್ ಹಿಂದಿನ ಲೆನ್ಸಿಗೆ ಅಂಟಿಕೊಳ್ಳಬಹುದು, ಕಣ್ಣಿನ ಪ್ರೆಷರ್ ಏರಬಹುದು. ಇದಕ್ಕೆ ಕೊಡುವುದೇ ಪಾಪೆ ಅಗಲಿಸುವ ಹನಿ ಮತ್ತು ಸ್ಟೀರಾಯ್ಡ್ ಹನಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹಿತ ಅನಿಸಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಕೆರಳುತ್ತದೆ. ಡಾಕ್ಟರ್ ಹೇಳಿದ ಹಾಗೆ ದಿನಕ್ಕೆ ನಾಲ್ಕು, ಮೂರು, ಎರಡು ಅಂತ ಇಳಿಸುತ್ತ ಬರಬೇಕು. ಪಾಪೆ ಅಗಲಿಸಿರುವಷ್ಟು ದಿನ ಹತ್ತಿರದ ಅಕ್ಷರ ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ. ಅದು ಔಷಧದ ಗುಣ, ಹೆದರಬೇಕಿಲ್ಲ, ಆದರೆ ಬೈಕ್ ಓಡಿಸಬಾರದು.

ಈ ಎರಡನೇ ಕಣ್ಣಿನವನಿಗೆ ಬರೆದುಕೊಟ್ಟ ಬಾಟಲಿ ಮನೆಯ ಗೂಡಿನಲ್ಲಿ ಉಳಿಯುತ್ತದೆ. ಆರು ತಿಂಗಳ ಮೇಲೆ ಅಮ್ಮನಿಗೋ ತಮ್ಮನಿಗೋ ಹೊಲದಲ್ಲಿ ಗರಿ ಬಡಿದಾಗ "ಅದೇ ಡ್ರಾಪ್ಸ್ ಐತಲ್ಲ, ಹಾಕ್ಕೋ" ಅಂತ ಹೊರಬರುತ್ತದೆ. ಮೆಡಿಕಲ್ ಶಾಪನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಡಾಕ್ಟರ್ ಏನು ನೋಡುತ್ತಾರೆ?

ಮೊದಲು ಕೇಳುವುದು ಏನು ತಾಗಿತು, ಎಷ್ಟು ಹೊತ್ತಾಯಿತು, ಆಮೇಲೆ ಏನೇನು ಹಾಕಿಕೊಂಡಿರಿ ಅಂತ. ಇಲ್ಲಿ ಸುಳ್ಳು ಹೇಳಬಾರದು. ನಂದಿಬಟ್ಟಲು ಹೂವಿನ ರಸ ಬಿಟ್ಟಿದ್ದರೆ, ಎದೆಹಾಲು ಹಾಕಿದ್ದರೆ, ಹರಳೆಣ್ಣೆ ಹಚ್ಚಿದ್ದರೆ, ಊರಿನಲ್ಲಿ ಯಾರೋ ನಾಲಿಗೆಯಿಂದ ಕಸ ತೆಗೆದಿದ್ದರೆ ಹೇಳಿಬಿಡಬೇಕು. ಬೈಯುತ್ತಾರೆ ಅನ್ನೋ ಭಯಕ್ಕೆ ಮುಚ್ಚಿಟ್ಟರೆ ರೋಗ ಪತ್ತೆಯ ದಾರಿಯೇ ತಪ್ಪುತ್ತದೆ. ಹಾಕಿದ ಡ್ರಾಪ್ಸ್ ಬಾಟಲಿ ಕೈಯಲ್ಲಿ ಹಿಡಿದು ಹೋಗುವುದು ಇನ್ನೂ ಉತ್ತಮ.

ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸುತ್ತಾರೆ. ನಂತರ ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ಪಟ್ಟಿಯನ್ನು ರೆಪ್ಪೆ ಒಳಗೆ ತಾಗಿಸಿ ನೀಲಿ ಬೆಳಕು ಬಿಡುತ್ತಾರೆ. ಕಾರ್ನಿಯಾ ಎಲ್ಲಿ ತರಚಿದೆಯೋ ಅಲ್ಲಿ ಹಸಿರಾಗಿ ಹೊಳೆಯುತ್ತದೆ. ಕ್ಷಣದ ಕೆಲಸ, ನೋವಿಲ್ಲ. ಸ್ಟೀರಾಯ್ಡ್ ಹಾಕಬಹುದೋ ಬಾರದೋ ಅನ್ನುವುದಕ್ಕೆ ಸಿಗುವ ಮೊದಲ ಸುಳಿವು ಇದೇ. ರೆಪ್ಪೆ ಮಗುಚಿ ಒಳಗೆ ಕಸ ಅಂಟಿದೆಯಾ ಅಂತಲೂ ನೋಡುತ್ತಾರೆ. ಎಷ್ಟೋ ಸಲ ಹೊಟ್ಟಿನ ಚೂರು ಅಲ್ಲೇ ಕೂತು ಮಿಟುಕಿಸಿದಾಗಲೆಲ್ಲ ಗೀರುತ್ತಿರುತ್ತದೆ.

ಗದ್ದ ಇಟ್ಟು ಕೂರಿಸಿ ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ಬೆಳಕಿನ ಸಣ್ಣ ಸೀಳು ಬಿಟ್ಟಾಗ, ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳು ತೇಲುವಂತೆ, ಕಣ್ಣಿನ ಒಳನೀರಿನಲ್ಲಿ ಬಿಳಿ ರಕ್ತಕಣ ತೇಲುವುದು ಕಾಣುತ್ತದೆ. ಅದೇ ಒಳ ಉರಿಯೂತದ ಗುರುತು. ಸರಳ ಪರೀಕ್ಷೆ ಒಂದಿದೆ: ಪೆಟ್ಟಾಗದ ಕಣ್ಣಿಗೆ ಟಾರ್ಚ್ ಬಿಟ್ಟಾಗ ಪೆಟ್ಟಾದ ಕಣ್ಣು ನೋಯ್ದರೆ ಐರಿಸ್ ಕೆರಳಿದೆ ಅಂತಲೇ ಅನುಮಾನ. ಎರಡೂ ಪಾಪೆ ಒಟ್ಟಿಗೇ ಕುಗ್ಗುತ್ತವೆ, ಕೆರಳಿದ ಐರಿಸ್ ಅಲುಗಿದರೆ ನೋವು.

ಗೊಂದಲ ಹುಟ್ಟುವುದು ಎರಡೂ ಒಟ್ಟಿಗೆ ಇರುವಾಗ. ಹುಣ್ಣೂ ಇದೆ, ಒಳಗೆ ಉರಿಯೂತವೂ ಇದೆ, ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಕೀವು ಬೇರೆ ನಿಂತಿದೆ. ನೋಡಿದವರಿಗೆ ಉರಿಯೂತ ಇಳಿಸೋಣ ಅನಿಸುವುದು ಸಹಜ. ಆದರೆ ಅಲ್ಲಿ ಉರಿಯೂತ ಎಬ್ಬಿಸಿದ್ದು ಹುಣ್ಣು. ಹುಣ್ಣಿನಲ್ಲಿರುವುದು ಏನು ಅಂತ ಗೊತ್ತಾಗದೆ ಸ್ಟೀರಾಯ್ಡ್ ಮುಟ್ಟುವಂತಿಲ್ಲ. ಹನಿ ಹಾಕಿ ಕಣ್ಣು ಮರಗಟ್ಟಿಸಿ, ಹುಣ್ಣಿನ ಅಂಚನ್ನು ಸಣ್ಣ ಅಲಗಿನಿಂದ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೂಷ್ಟಿನ ಎಳೆ ಇದ್ದರೆ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಯಾವ ಜಾತಿಯದು ಅಂತ ತಿಳಿಯಲು ಕಲ್ಚರ್‌ಗೆ ಇಟ್ಟರೆ ದಿನಗಳು ಬೇಕು. "ಕಣ್ಣು ಕೆರೆಯೋದು" ಅಂದಾಕ್ಷಣ ಎದ್ದು ಬರುವವರಿದ್ದಾರೆ. ಮರಗಟ್ಟಿಸಿರುವುದರಿಂದ ನೋವಾಗುವುದಿಲ್ಲ, ಮೇಲಾಗಿ ಕೆರೆದ ಮೇಲೆ ಔಷಧ ಚೆನ್ನಾಗಿ ಒಳಗಿಳಿಯುತ್ತದೆ.

ಆ ಮರಗಟ್ಟಿಸುವ ಹನಿಯ ಬಗ್ಗೆ ವೆಲ್ಡಿಂಗ್ ಶಾಪಿನವರಿಗೊಂದು ಮಾತು. ಗ್ಲಾಸ್ ಹಾಕದೆ ವೆಲ್ಡಿಂಗ್ ಬೆಳಕು ನೋಡಿದ ಆರೇಳು ಗಂಟೆ ಮೇಲೆ, ಹೆಚ್ಚಾಗಿ ಮಧ್ಯರಾತ್ರಿ, ಕಣ್ಣಿಗೆ ಖಾರದಪುಡಿ ಎರಚಿದಂತಾಗುತ್ತದೆ. ಅದು ಕಾರ್ನಿಯಾಕ್ಕೆ ತಾಗಿದ ಬಿಸಿಲುಗುಳ್ಳೆ ಇದ್ದಂತೆ, ಒಂದೆರಡು ದಿನಕ್ಕೆ ವಾಸಿಯಾಗುತ್ತದೆ. ಆದರೆ ಮರಗಟ್ಟಿಸುವ ಹನಿ ಹೇಗೋ ಸಂಪಾದಿಸಿ ನೋವಾದಾಗಲೆಲ್ಲ ಹಾಕಿಕೊಂಡರೆ ಮೇಲ್ಪದರ ಮಾಗುವುದೇ ನಿಂತುಹೋಗುತ್ತದೆ. ಒಂದು ರಾತ್ರಿಯ ನೋವು ಕಾಯಂ ಹುಣ್ಣಾಗುತ್ತದೆ.

ನೋವಿಲ್ಲದ ಪೆಟ್ಟೇ ಹೆಚ್ಚು ಅಪಾಯ

ಸುತ್ತಿಗೆಯಿಂದ ಉಳಿ, ಚಾಣ ಹೊಡೆಯುವಾಗ ಕಬ್ಬಿಣದ ಸಣ್ಣ ಚೂರು ಗುಂಡಿನಂತೆ ಹಾರುತ್ತದೆ. ಕಣ್ಣಿಗೆ ಏನೋ ಚಟ್ ಅಂದ ಹಾಗಾಯಿತು, ಒರೆಸಿಕೊಂಡೆ, ಏನೂ ಇಲ್ಲ, ಕಾಣುವುದೂ ಸರಿಯಾಗೇ ಇದೆ. ಚೂರು ಎಷ್ಟು ಸಣ್ಣದೆಂದರೆ ಒಳಹೊಕ್ಕ ತೂತು ತಾನೇ ಮುಚ್ಚಿಕೊಂಡಿರುತ್ತದೆ. ಚೂರು ಮಾತ್ರ ಕಣ್ಣಿನ ಒಳಗೇ ಇರುತ್ತದೆ. ಕಬ್ಬಿಣವಾದ್ದರಿಂದ ಒಳಗೇ ತುಕ್ಕು ಬಿಟ್ಟು ತಿಂಗಳುಗಳ ಮೇಲೆ ನೋಟ ತೆಗೆಯುತ್ತದೆ. ಮಣ್ಣು ಮೆತ್ತಿದ ಚೂರಾಗಿದ್ದರೆ ತಿಂಗಳೇನು, ಒಂದೆರಡು ದಿನದಲ್ಲಿ ಕಣ್ಣಿನ ಒಳಗೆಲ್ಲ ಕೀವಾಗುತ್ತದೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ 24 ಗಂಟೆಯಲ್ಲೇ ಕಣ್ಣು ಕೈಬಿಡಬಹುದು. ಅದಕ್ಕೆ ಹನಿ ಸಾಲದು, ಕಣ್ಣಿನೊಳಗೇ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡಬೇಕು, ಎಷ್ಟೋ ಸಲ ಆಪರೇಷನ್ನೂ ಬೇಕು.

ಹಾಗಾಗಿ ಲೋಹಕ್ಕೆ ಲೋಹ ಹೊಡೆಯುವಾಗ ಕಣ್ಣಿಗೆ ಏನಾದರೂ ತಾಗಿದರೆ, ನೋವಿರಲಿ ಬಿಡಲಿ, ಆ ದಿನವೇ ತೋರಿಸಬೇಕು. ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಎಂ.ಆರ್.ಐ. ಮಾತ್ರ ಮಾಡುವಂತಿಲ್ಲ, ಅದರ ಆಯಸ್ಕಾಂತಕ್ಕೆ ಒಳಗಿನ ಚೂರು ಅಲುಗಿ ಕಣ್ಣನ್ನೇ ಸೀಳಬಹುದು. ಬೇರೆ ಕಾಯಿಲೆಗೆ ಎಂ.ಆರ್.ಐ. ಮಾಡಿಸುವಾಗಲೂ ಹಿಂದೆ ಕಣ್ಣಿಗೆ ಲೋಹ ಹಾರಿದ್ದನ್ನು ಹೇಳಬೇಕು.

ಕಣ್ಣು ಕುಯ್ದಿದ್ದರೆ, ಪಾಪೆ ಗುಂಡಗಿರದೆ ಹನಿಯಂತೆ ಒಂದು ಕಡೆ ಎಳೆದಿದ್ದರೆ, ಕಪ್ಪಗೇನೋ ಹೊರಗೆ ಬಂದಂತಿದ್ದರೆ ತೊಳೆಯುವುದು ಬೇಡ, ಒತ್ತುವುದು ಬೇಡ, ಹನಿ, ಮುಲಾಮು ಯಾವುದೂ ಬೇಡ. ಟೀ ಕುಡಿಯುವ ಪೇಪರ್ ಕಪ್ಪಿನ ತಳವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ ಕರೆದೊಯ್ಯಬೇಕು. ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾಗುವುದರಿಂದ ದಾರಿಯಲ್ಲಿ ಊಟ, ಟೀ ಕೊಡಬಾರದು. ಹೊಲಿಗೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ ಬೀಳಬೇಕು.

ಹೀಗೆ ಸೀಳಿದ ಕಣ್ಣನ್ನು ಬೇಗ ಸರಿಪಡಿಸಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅಪರೂಪಕ್ಕೆ, ಒಂದು ಕಣ್ಣಿನ ಒಳಭಾಗ ಗಾಯದಿಂದ ಹೊರಬಿದ್ದಾಗ ದೇಹ ಅದನ್ನು ಶತ್ರು ಅಂತ ಗುರುತಿಸಿಕೊಂಡು, ಏನೂ ಆಗದ ಇನ್ನೊಂದು ಕಣ್ಣಿನ ಮೇಲೂ ಬೀಳುತ್ತದೆ. ಹೆಚ್ಚಾಗಿ ಪೆಟ್ಟಾದ ಎರಡು ವಾರದಿಂದ ಮೂರು ತಿಂಗಳ ನಡುವೆ ಹೀಗಾಗುತ್ತದೆ, ವರ್ಷಗಳ ನಂತರವೂ ಆಗಿದ್ದುಂಟು. ಕುರುಡರ ಲಿಪಿ ಕೊಟ್ಟ ಫ್ರಾನ್ಸಿನ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ಅಪ್ಪನದು ಕುದುರೆ ಜೀನು ಹೊಲಿಯುವ ಅಂಗಡಿ. ಮೂರು ವರ್ಷದ ಮಗು ಅಲ್ಲಿ ಆಡುವಾಗ ಚರ್ಮ ಚುಚ್ಚುವ ದಬ್ಬಣ ಒಂದು ಕಣ್ಣಿಗೆ ಹೊಕ್ಕಿತು. ಐದನೇ ವಯಸ್ಸಿನ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಇನ್ನೊಂದು ಕಣ್ಣು ಹೋಗಿದ್ದು ಈ ರೀತಿಯ ಉರಿಯೂತದಿಂದಲೇ ಇರಬೇಕು ಅಂತ ಹೇಳುವ ಡಾಕ್ಟರ್‌ಗಳಿದ್ದಾರೆ. ಆಗ ಇದಕ್ಕೆ ಔಷಧವಿರಲಿಲ್ಲ. ಈಗ ಇದೆ, ಅದೂ ಸ್ಟೀರಾಯ್ಡೇ. ಹೆಚ್ಚಿನ ಪ್ರಮಾಣದ ಮಾತ್ರೆ, ಇಂಜೆಕ್ಷನ್, ಜತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಗಳು. ಒಂದು ಕಣ್ಣಿಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡವರಿಗೆ ಒಳ್ಳೇ ಕಣ್ಣು ಮಂಜಾದರೆ, ಬೆಳಕು ಚುಚ್ಚಿದರೆ ಒಂದು ದಿನವೂ ಕಾಯಬಾರದು.

ಸುಣ್ಣಕ್ಕೆ ನೀರು, ಮಿಕ್ಕಿದ್ದೆಲ್ಲ ಆಮೇಲೆ

ಎಲೆ ಅಡಿಕೆಯ ಸುಣ್ಣದ ಡಬ್ಬಿ, ಪಾಕೆಟ್ ಒತ್ತಿ ಆಡುವ ಮಕ್ಕಳ ಕಣ್ಣಿಗೆ ಸುಣ್ಣ ಚಿಮ್ಮುವುದು, ಗಾರೆ ಕೆಲಸದವರಿಗೆ ಸಿಮೆಂಟ್ ಬೀಳುವುದು ಬೇರೆಯದೇ ಥರದ ತುರ್ತು. ಸುಣ್ಣ ಕ್ಷಾರ, ಇರುವಷ್ಟು ಹೊತ್ತೂ ಒಳಗೊಳಗೇ ಸುಡುತ್ತ ಹೋಗುತ್ತದೆ. ಡಾಕ್ಟರ್ ಹುಡುಕುತ್ತ ಕೂರದೆ ಅಲ್ಲೇ ಇರುವ ಶುದ್ಧ ನೀರನ್ನು, ಕೊಡದ್ದಾಗಲಿ ನಲ್ಲಿಯದಾಗಲಿ, ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಸುರಿಯಬೇಕು. ಅಂಟಿಕೊಂಡ ಹರಳುಗಳನ್ನು ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಬೇಕು. ತುಪ್ಪ, ಎಣ್ಣೆ ಬೇಡ. ಆಮೇಲೆ ಆಸ್ಪತ್ರೆ. ಅಲ್ಲಿ ಮತ್ತೆ ತೊಳೆಯುತ್ತಾರೆ. ಇಲ್ಲಿ ಮೊದಲ ದಿನಗಳಲ್ಲಿ ಸ್ಟೀರಾಯ್ಡ್ ಹನಿ ಕೊಡುವುದುಂಟು, ಆದರೆ ಕಣ್ಣಿನ ಡಾಕ್ಟರ್ ಲೆಕ್ಕದಲ್ಲಿ, ದಿನ ಎಣಿಸಿ.

ಹಾಗಾದರೆ ಮೆಡಿಕಲ್ ಶಾಪಿನವರು ಏನು ಮಾಡಬೇಕು?

ಅವರ ಕಷ್ಟವೂ ಸುಳ್ಳಲ್ಲ. "ಆಸ್ಪತ್ರೆಗೆ ಹೋಗಿ" ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಲ್ಲಿ ಸಿಗುತ್ತದೆ. ಊರಲ್ಲಿ ಕಣ್ಣಿನ ಡಾಕ್ಟರ್ ಇಲ್ಲ, ಬಸ್ ಚಾರ್ಜು, ಒಂದು ದಿನದ ಕೂಲಿ, ಎಲ್ಲ ಸೇರಿದರೆ ಡ್ರಾಪ್ಸ್ ಬೆಲೆಯ ಹತ್ತು ಪಟ್ಟು. ಆದರೂ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇರುವ ಹನಿಗಳು ಷೆಡ್ಯೂಲ್ ಎಚ್ ಔಷಧ, ಲೇಬಲ್ ಮೇಲೆ ಆರ್‌ಎಕ್ಸ್ ಗುರುತು ಇರುತ್ತದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಕಣ್ತಪ್ಪುವುದು ಜೋಡಿ ಔಷಧಗಳಲ್ಲಿ. ಆಂಟಿಬಯಾಟಿಕ್ ಅಂತಲೇ ಎಲ್ಲರೂ ತಿಳಿದಿರುವ ಬಾಟಲಿಯ ಹೆಸರಿನ ಕೊನೆಗೆ 'ಡಿ' ಅಂತ ಒಂದು ಅಕ್ಷರ ಹೆಚ್ಚಿಗೆ ಇರುತ್ತದೆ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಆ ಅಕ್ಷರವೇ ಡೆಕ್ಸಾಮೆಥಾಸೋನ್. ಕೌಂಟರ್‌ನಲ್ಲಿ ನಿಲ್ಲುವ ಹುಡುಗನಿಗೆ ಇದೊಂದು ಹೇಳಿಕೊಟ್ಟರೂ ವ್ಯತ್ಯಾಸವಾಗುತ್ತದೆ.

ಬೇಗ ಸರಿಯಾದ ಔಷಧ ಬಿದ್ದರೆ ಎಷ್ಟು ಉಪಯೋಗ ಅನ್ನುವುದಕ್ಕೆ ನೇಪಾಳದ ಭಕ್ತಪುರದ ಉದಾಹರಣೆ ಇದೆ. ನಮ್ಮಂತೆಯೇ ಭತ್ತ ಬೆಳೆಯುವ ಜಾಗ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣು ತರಚಿಕೊಂಡು ಬಂದವರಿಗೆ ಕ್ಲೋರಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಮುಲಾಮು, ಸ್ಟೀರಾಯ್ಡ್ ಇಲ್ಲದ್ದು, ಮೂರು ದಿನ ಹಾಕಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಚಿದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಅಲ್ಲಿ ದೊಡ್ಡ ಯಂತ್ರವೂ ಇರಲಿಲ್ಲ, ತಜ್ಞರೂ ಇರಲಿಲ್ಲ. ಹೊತ್ತು ಮೀರುವ ಮೊದಲು ಸರಿಯಾದ ಟ್ಯೂಬ್ ಸಿಕ್ಕಿತ್ತು, ಅಷ್ಟೇ.

ಅಂದರೆ ಗರಿ ಬಡಿದ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋದರೆ ಬಹಳಷ್ಟು ಕೆಲಸ ಅಲ್ಲೇ ಮುಗಿಯುತ್ತದೆ. ಕೆಂಪಿನ ಜತೆ ನೋಟ ಮಂಜಾಗಿದ್ದರೆ, ಬಿಳಿ ಮಚ್ಚೆ ಕಂಡರೆ, ಬೆಳಕು ಸಹಿಸಲಾಗದಿದ್ದರೆ, ಕಪ್ಪುಗುಡ್ಡೆ ಒಳಗೆ ರಕ್ತ ನಿಂತಿದ್ದರೆ ಅಲ್ಲಿಂದ ಚೀಟಿ ಬರೆಸಿಕೊಂಡು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಕಣ್ಣಿನ ವಿಭಾಗವಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಬೇಕು. ಅಲ್ಲಿಗೂ ಮೀರಿದ್ದು ಬೆಂಗಳೂರಿನ ಮಿಂಟೊ ಆಸ್ಪತ್ರೆಗೆ ಹೋಗುತ್ತದೆ. ಆಧಾರ್, ರೇಷನ್ ಕಾರ್ಡ್ ಜತೆಗಿರಲಿ. ರಕ್ತ ನಿಂತ ಕಣ್ಣಿನವರು ತಲೆ ಎತ್ತರಿಸಿ ಮಲಗಬೇಕು, ನೋವಿಗೆ ಆಸ್ಪಿರಿನ್ ನುಂಗಬಾರದು. ಮೊದಲ ಐದಾರು ದಿನದಲ್ಲಿ ಮತ್ತೆ ರಕ್ತ ಸೋರುವ ಭಯ ಇರುತ್ತದೆ.

ಹುಣ್ಣು ಔಷಧಕ್ಕೆ ಬಗ್ಗದೆ ಕಾರ್ನಿಯಾ ತೂತಾಗುವ ಹಂತಕ್ಕೆ ಬಂದರೆ ಉಳಿಯುವ ದಾರಿ ದಾನಿಯ ಕಾರ್ನಿಯಾ ಜೋಡಿಸುವುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದ ಮೇಲೆ ನೇತ್ರದಾನದ ಬಗ್ಗೆ ನಮ್ಮ ಕಡೆ ತಿಳಿವಳಿಕೆ ಹೆಚ್ಚಿದೆ. ಆದರೆ ಕಲೆಯಾಗಿ ಶಾಂತವಾಗಿರುವ ಕಣ್ಣಿಗೆ ಜೋಡಿಸುವುದು ಬೇರೆ, ಬೂಷ್ಟು ಉರಿಯುತ್ತಿರುವ ಕಣ್ಣಿಗೆ ಜೋಡಿಸುವುದು ಬೇರೆ. ಎರಡನೆಯದರಲ್ಲಿ ಮೊದಲ ಗುರಿ ಕಣ್ಣುಗುಡ್ಡೆ ಉಳಿಸುವುದು. ನೋಟ ಬಂದರೆ ಅದು ಲಾಭ. ಹೊಸ ಕಾರ್ನಿಯಾವನ್ನು ದೇಹ ತಿರಸ್ಕರಿಸದಿರಲಿ ಅಂತ ಸ್ಟೀರಾಯ್ಡ್ ಬೇಕು, ಬೂಷ್ಟು ಉಳಿದಿದ್ದರೆ ಸ್ಟೀರಾಯ್ಡ್ ಹಾಕುವಂತಿಲ್ಲ. ಡಾಕ್ಟರ್‌ಗಳೇ ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ.

ಸುಲಭದಲ್ಲಿ ವಾಸಿಯಾದವರಿಗೂ ಒಂದು ಬಾಕಿ ಇರುತ್ತದೆ. ಬಾಲ್, ಕೊಕ್ಕೆ, ಮುಷ್ಟಿಯಂಥ ಗುದ್ದು ಬಿದ್ದ ಕಣ್ಣಿನಲ್ಲಿ ನೀರು ಹೊರಹೋಗುವ ಮೂಲೆ ಹರಿದಿದ್ದರೆ ವರ್ಷಗಳ ನಂತರ ಪ್ರೆಷರ್ ಏರಿ ಗ್ಲಾಕೋಮಾ ಬರಬಹುದು, ನೋವಿಲ್ಲದೆ. ಸ್ಟೀರಾಯ್ಡ್ ಹನಿ ಬಹಳ ದಿನ ಹಾಕಿಕೊಂಡವರಿಗೂ ಪ್ರೆಷರ್, ಪೊರೆ ಎರಡರ ಭಯವಿದೆ. ಅಂಥವರು ವರ್ಷಕ್ಕೊಮ್ಮೆ ಕಣ್ಣಿನ ಪ್ರೆಷರ್ ನೋಡಿಸಬೇಕು. ಮನೆಯ ಗೂಡಿನಲ್ಲಿರುವ ಹಳೇ ಬಾಟಲಿಯನ್ನು ಮುಚ್ಚಳ ತೆಗೆದು ತಿಂಗಳಾಗಿದ್ದರೆ, ಎಕ್ಸ್‌ಪೈರಿ ತಾರೀಖು ಏನೇ ಇರಲಿ, ಎಸೆಯಬೇಕು.